ಓಮ್ನಿಗೆ ಹೊಸ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಚಕ್ರಗಳ ಕಡೆಗೆ ಬ್ರೇಕ್ ಆಯಿಲ್ ತಳ್ಳುವ ಭಾಗ) ಹಾಕಿದರೂ ಬ್ರೇಕ್ ಪೆಡಲ್ ಮೆತ್ತಗಿದೆ. ಸಿಲಿಂಡರೇ ಕೆಟ್ಟಿದೆಯಾ?

ಇರಲಿಕ್ಕಿಲ್ಲ. ಚಕ್ರಗಳ ಬಳಿ ಬ್ರೇಕ್ ಆಯಿಲಿನಲ್ಲಿದ್ದ ಏರ್ ಎರಡೆರಡು ಸಲ ತೆಗೆದಿರಿ, ಆದರೂ ಪೆಡಲ್ ಸ್ಪಂಜಿನ ಹಾಗಿದೆ, ಎರಡು ಮೂರು ಸಲ ಪಂಪ್ ಮಾಡಿದರೆ ಮಾತ್ರ ಗಟ್ಟಿಯಾಗುತ್ತದೆ ಅಂತ ಬರೆದಿದ್ದೀರಿ. ಅಲ್ಲಿಗೆ ಗಾಳಿ ಎಲ್ಲೋ ಉಳಿದಿದೆ ಅಂತಾಯಿತು. ಅದು ಹೊಸ ಸಿಲಿಂಡರಿನ ಹೊಟ್ಟೆಯಲ್ಲೇ ಉಳಿದಿದೆ ಅಂತ ನನ್ನ ಅನುಮಾನ.

ನಾನೂ ಇದನ್ನೇ ಮಾಡಿದವನು. ನನ್ನ ಓಮ್ನಿಗೆ ಒಣ ಸಿಲಿಂಡರನ್ನೇ ಕೂರಿಸಿ, ಅರ್ಧ ಲೀಟರ್ ಬ್ರೇಕ್ ಆಯಿಲ್ ಖಾಲಿ ಮಾಡಿ, ಕೊನೆಗೆ ಅಂಗಡಿಯವರ ಹತ್ತಿರ ಜಗಳ ಆಡಿ ಇನ್ನೊಂದು ಸಿಲಿಂಡರ್ ತಂದೆ. ಅದರದ್ದೂ ಅದೇ ಕಥೆ. ನಮ್ಮ ಬೀದಿಯ ಹಳೇ ಮೇಸ್ತ್ರಿ ನೋಡಿ ನಕ್ಕರು. "ಅದಕ್ಕೆ ಮೊದಲು ಎಣ್ಣೆ ಕುಡಿಸಿ, ಆಮೇಲೆ ಕೂರಿಸಬೇಕಪ್ಪ" ಅಂದರು.

ಸಿಲಿಂಡರಿನ ಒಳಗೆ ಒಂದರ ಹಿಂದೆ ಒಂದು ಎರಡು ಪಿಸ್ಟನ್ ಇರುತ್ತವೆ, ಎರಡು ಕೋಣೆ. ಅಲ್ಲಿ ಸಿಕ್ಕಿಕೊಂಡ ಗಾಳಿ ಪೆಡಲ್ ಒತ್ತಿದಾಗ ಕುಗ್ಗುತ್ತದೆ, ಬಿಟ್ಟಾಗ ಮತ್ತೆ ಹಿಗ್ಗುತ್ತದೆ. ಚಕ್ರದವರೆಗೆ ಹೋಗುವುದೇ ಇಲ್ಲ. ಅದಕ್ಕೇ ಕೂರಿಸುವ ಮೊದಲು ಸಿಲಿಂಡರನ್ನು ವೈಸ್‌ಗೆ ಮಟ್ಟವಾಗಿ ಕಚ್ಚಿಸಿ, ಅದರ ಆಯಿಲ್ ಡಬ್ಬಿಗೆ ಆಯಿಲ್ ತುಂಬಬೇಕು. ಆಯಿಲ್ ಹೊರಬರುವ ತೂತುಗಳಿಂದ ಸಣ್ಣ ಪೈಪುಗಳನ್ನು ವಾಪಸ್ ಡಬ್ಬಿಗೇ ಇಳಿಬಿಟ್ಟು, ಅವುಗಳ ತುದಿ ಆಯಿಲಿನಲ್ಲಿ ಮುಳುಗಿರುವಂತೆ ನೋಡಿಕೊಳ್ಳಬೇಕು. ಸ್ಕ್ರೂಡ್ರೈವರ್‌ನಿಂದ ಪಿಸ್ಟನ್ ನಿಧಾನಕ್ಕೆ ಒತ್ತಿ ಬಿಡುತ್ತಿದ್ದರೆ ಗುಳ್ಳೆ ಬರುತ್ತವೆ. ಗುಳ್ಳೆ ನಿಂತ ಮೇಲೆ ಸಿಲಿಂಡರನ್ನು ಗಾಡಿಗೆ ಹಾಕುವುದು. ಆತುರ ಬೇಡ, ಜೋರಾಗಿ ಒತ್ತಿದರೆ ಗಾಳಿ ಪುಡಿಪುಡಿಯಾಗಿ ಆಯಿಲಿನಲ್ಲೇ ಬೆರೆಯುತ್ತದೆ.

ನೀವು ಈಗಾಗಲೇ ಕೂರಿಸಿದ್ದೀರಲ್ವಾ, ಬಿಚ್ಚುವ ಮೊದಲು ಇದನ್ನು ಮಾಡಿ ನೋಡಿ. ಇಂಜಿನ್ ಆಫ್ ಇರಲಿ. ಒಬ್ಬರು ಪೆಡಲ್ ಮೆಲ್ಲಗೆ ಒತ್ತಿ ಹಿಡಿಯಲಿ. ನೀವು ಸಿಲಿಂಡರ್ ಬಳಿಯ ಪೈಪ್ ನಟ್ ಒಂದನ್ನು ಕಾಲು ಸುತ್ತು ಸಡಿಲಿಸಿ, ಬಿಗಿ ಮಾಡಿ. ಬಿಗಿ ಆದ ಮೇಲೆಯೇ ಅವರು ಕಾಲು ತೆಗೆಯಬೇಕು. ಬರೀ ಆಯಿಲ್ ಬರುವ ತನಕ ಒಂದೊಂದೇ ನಟ್‌ಗೆ ಹೀಗೆ ಮಾಡಿ. ಡಬ್ಬಿ ಖಾಲಿಯಾಗಲು ಬಿಡಬೇಡಿ. ಕೆಳಗೆ ಬಟ್ಟೆ ಹಾಸಿ, ಈ ಆಯಿಲ್ ಬಿದ್ದರೆ ಪೇಂಟ್ ಎದ್ದುಹೋಗುತ್ತದೆ. ಆಮೇಲೆ ಚಕ್ರಗಳ ಬಳಿ ಏರ್ ತೆಗೆಯುವುದು: ಸಿಲಿಂಡರಿಗೆ ದೂರದ್ದು ಮೊದಲು, ಹತ್ತಿರದ್ದು ಕೊನೆಗೆ.

ಆಗಲೂ ಪೆಡಲ್ ಆಳಕ್ಕೆ ಹೋಗುತ್ತಿದ್ದರೆ ಹಿಂದಿನ ಚಕ್ರದ ಡ್ರಮ್ಮಿನೊಳಗಿನ ಬ್ರೇಕ್ ಶೂ ಅಡ್ಜಸ್ಟ್‌ಮೆಂಟ್ ನೋಡಿ. ಶೂ ಡ್ರಮ್ಮಿನಿಂದ ದೂರ ಇದ್ದರೂ ಪಂಪ್ ಮಾಡಿದ ಮೇಲೆಯೇ ಬ್ರೇಕ್ ಹಿಡಿಯುವುದು. ಪಿಸ್ಟನ್ನನ್ನು ತಳ್ಳುವ ಸರಳು, ಅಂದರೆ ಪುಶ್ ರಾಡಿಗೆ ಚೂರು ಸಡಿಲ ಇದೆಯಾ ಅಂತಲೂ ಪರೀಕ್ಷಿಸಿ. ಅದು ಪಿಸ್ಟನ್ನನ್ನು ಸದಾ ಒತ್ತಿಕೊಂಡಿದ್ದರೆ ಆಯಿಲ್ ವಾಪಸ್ ಬರುವ ತೂತು ಮುಚ್ಚಿಯೇ ಇರುತ್ತದೆ. ಆಗ ಓಡಿಸುತ್ತಾ ಬಿಸಿಯಾದ ಹಾಗೆ ಬ್ರೇಕ್ ತಾನಾಗಿ ಕಚ್ಚಿಕೊಳ್ಳುತ್ತದೆ.

ಕೊನೆಗೆ ಪೆಡಲ್ ಗಟ್ಟಿಯಾದ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬೂಸ್ಟರ್ (ಇಂಜಿನ್ ಓಡುವಾಗ ಪೆಡಲ್ ಒತ್ತಲು ನೆರವಾಗುವ ಭಾಗ) ಇರುವ ಗಾಡಿಯಲ್ಲಿ ಇಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಸ್ವಲ್ಪ ಇಳಿಯುವುದು ಸಹಜ. ಆದರೆ ಹೊರಗೆ ಎಲ್ಲೂ ಲೀಕ್ ಇಲ್ಲದೆ, ಪೆಡಲ್ ಮೆಲ್ಲಗೆ ಕೆಳಗೆ ಹೋಗುತ್ತಲೇ ಇದ್ದರೆ, ಆಗ ಆ ಸಿಲಿಂಡರನ್ನು ಅಂಗಡಿಗೆ ವಾಪಸ್ ತೆಗೆದುಕೊಂಡು ಹೋಗಿ.