ಮಡಿಕೇರಿಯಲ್ಲಿ ಓಡಾಡುವ ಕಾರಿಗೆ ಡಿಜಿಟಲ್ ರೇಡಿಯೋವನ್ನು ವೈರ್ ಕಾಣದ ಹಾಗೆ ಕೂರಿಸುವುದು ಹೇಗೆ?

ರೇಡಿಯೋ ಡಬ್ಬಿಯನ್ನು ಗ್ಲೋವ್ ಬಾಕ್ಸ್ ಹಿಂದೆ ಕೂರಿಸಿ, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿನಿಂದ ಲೈನ್ ಎಳೆಸಿ, ಆಂಟೆನಾವನ್ನು ಮೊಬೈಲ್ ಚಾರ್ಜರ್‌ನಿಂದ ದೂರ, ಕಾರಿನ ಟಾಪ್ ಮೇಲೆ ಹಾಕಿಸಿ. ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸಿ ವೈರ್ ಜೋತಾಡಿಸಬೇಡಿ.

ಅಂದಕ್ಕಷ್ಟೇ ಅಲ್ಲ ಇದು. ಆಕಾಶವಾಣಿ ಡಿಜಿಟಲ್ ಪ್ರಸಾರಕ್ಕೆ ಆರಿಸಿಕೊಂಡದ್ದು ಡಿಆರ್‌ಎಂ ಅನ್ನೋ ಪದ್ಧತಿ, ಅದು ಹೆಚ್ಚಾಗಿ ಮೀಡಿಯಂ ವೇವ್‌ನಲ್ಲಿ ಬರುತ್ತದೆ, ಬೆಂಗಳೂರಿನದು 612 ಕಿಲೋಹರ್ಟ್ಸ್. ಚಾರ್ಜರ್ 12 ವೋಲ್ಟನ್ನು 5ಕ್ಕೆ ಇಳಿಸಲು ಕರೆಂಟನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕಡಿದು ಜೋಡಿಸುತ್ತಿರುತ್ತದೆ, ಆ ಗದ್ದಲ ಬೀಳುವುದೂ ಇದೇ ಮೀಡಿಯಂ ವೇವ್ ಮೇಲೆ. ಎಫ್‌ಎಂ ಆದರೆ ಕರಕರ ಅಂತಾದರೂ ಕೇಳಿಸುತ್ತದೆ, ಅಲ್ವಾ? ಡಿಜಿಟಲ್ ಹಾಗಲ್ಲ. ಗದ್ದಲ ಒಂದು ಮಟ್ಟ ದಾಟಿದರೆ ಪಟ್ಟಂತ ಬಾಯಿ ಮುಚ್ಚುತ್ತದೆ. ಬೆಂಗಳೂರಿನಿಂದ ಇಷ್ಟು ದೂರಕ್ಕೆ ಸಿಗ್ನಲ್ ಮೊದಲೇ ಬಡಕಲು, ಅದರ ಮೇಲೆ ಈ ಕಾಟ ಬೇರೆ.

ಅರ್ಥ್ ವೈರನ್ನು ಬಾಡಿಯ ಬೋಲ್ಟಿಗೆ ಕಟ್ಟುವ ಮುಂಚೆ ಅಲ್ಲಿನ ಪೇಂಟ್ ಹೊಳೆಯುವವರೆಗೆ ಉಜ್ಜಿಸಿ, ಬಿಗಿ ಮಾಡಿದ ಮೇಲೆ ಸ್ವಲ್ಪ ಗ್ರೀಸ್ ಬಳಿಸಿ. ನನ್ನ ಕಾರಿನಲ್ಲಿ ಹೀಗೆ ಮಾಡದೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಸೆಟ್ ಸುಮ್ನೆ ಆಫ್ ಆನ್ ಆಗ್ತಿತ್ತು. ಆಂಟೆನಾ ವೈರ್ ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಇಳಿಯುವುದಾದರೆ ಏರ್‌ಬ್ಯಾಗಿನ ಹಿಂದಿನಿಂದಲೇ ಹೋಗಬೇಕು, ಮೇಲಿಂದ ಬೇಡವೇ ಬೇಡ.

ಹಾಂ, ಯೂರೋಪಿನಿಂದ ಯಾರಾದರೂ ಡಿಎಬಿ ಸೆಟ್ ತಂದುಕೊಟ್ಟಿದ್ದರೆ ಅದನ್ನು ಕೂರಿಸಲು ದುಡ್ಡು ಹಾಕಬೇಡಿ, ಅದು ಬೇರೆ ಪದ್ಧತಿ, ಡಿಆರ್‌ಎಂ ಹಿಡಿಯುವುದಿಲ್ಲ.