ಒಬ್ಬನೇ ಮಗ, ಬೆಂಗಳೂರಿನಲ್ಲಿದ್ದಾನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯಿದೆ.)

ಚಿಕ್ಕಬಳ್ಳಾಪುರದ 62 ವರ್ಷದ ಹಿರಿಯರೊಬ್ಬರು ಒಂದೂವರೆ ತಿಂಗಳಿನಿಂದ ನಿದ್ದೆಯಿಲ್ಲವೆಂದು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದರು. ರೇಷ್ಮೆ ಇಲಾಖೆಯಲ್ಲಿ ದುಡಿದು 60ಕ್ಕೆ ನಿವೃತ್ತರಾದವರು. 1979ರಲ್ಲಿ ಅವರೊಡನೆ ಎಸ್ಸೆಸ್ಸೆಲ್ಸಿ ಮುಗಿಸಿದವರು ವಾಟ್ಸಾಪ್ ಗುಂಪೊಂದನ್ನು ಕಟ್ಟಿಕೊಂಡಿದ್ದರು. ಯಾರೋ ಹಳೆಯ ಅಂಕಪಟ್ಟಿಯ ಚಿತ್ರ ಹಾಕಿದಾಗ ಅದರಲ್ಲಿ ಕೋಲಾರ ಜಿಲ್ಲೆ ಎಂದಿರುವುದನ್ನು ಕಂಡು, 2007ರವರೆಗೆ ನಾವೆಲ್ಲ ಕೋಲಾರದವರೇ ಆಗಿದ್ದೆವಲ್ಲ ಎಂದು ದಿನವಿಡೀ ಮಾತಾಡಿಕೊಂಡಿದ್ದರಂತೆ. ಆಮೇಲೆ ಮಾತು ಮಕ್ಕಳತ್ತ ಹೊರಳಿತು. ಇವರ ಸರದಿ ಬಂದಾಗ, ‘ಒಬ್ಬನೇ ಮಗ, ಬೆಂಗಳೂರಿನಲ್ಲಿದ್ದಾನೆ’ ಎಂದು ಬರೆದರು.

ಮಗ ರಸ್ತೆ ಅಪಘಾತದಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು.

ಮೊಬೈಲ್ ತೆರೆದು ಆ ಸಾಲನ್ನು ನನಗೆ ತೋರಿಸಿದರು. ಅದರ ಕೆಳಗೆ ಹಳೆಯ ಗೆಳೆಯರೊಬ್ಬರು, ‘ಪುಣ್ಯವಂತ ಕಣಯ್ಯ, ಮಗ ಹತ್ತಿರದಲ್ಲೇ ಇದ್ದಾನೆ’ ಎಂದು ಬರೆದಿದ್ದರು. ಹೆಬ್ಬೆರಳಿನಿಂದ ಆ ಸಾಲನ್ನು ಮೇಲಕ್ಕೆ ಸರಿಸುವುದು, ಮತ್ತೆ ಕೆಳಕ್ಕೆ ತರುವುದು, ಹೀಗೇ ಬಹಳ ಹೊತ್ತು ಕುಳಿತಿದ್ದರು. ಮುಂದಿನ ತಿಂಗಳು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಬಳಿ ಎಲ್ಲರೂ ಸಂಸಾರಸಮೇತ ಸೇರುವವರಿದ್ದರು. ‘ಈ ವಯಸ್ಸಿನಲ್ಲಿ ಸುಳ್ಳುಗಾರನಾದೆ’ ಎಂದರು.

ನಾನು ಅದನ್ನು ಒಪ್ಪಲಿಲ್ಲ. ‘ಇದ್ದ’ ಎಂದು ಬರೆಯಬೇಕಾದಲ್ಲಿ ‘ಇದ್ದಾನೆ’ ಎಂದು ಬರೆದ ತಂದೆ ಗೆಳೆಯರನ್ನು ವಂಚಿಸಲು ಹೊರಟವರಲ್ಲ. ಮಗ ಸತ್ತದ್ದನ್ನೇ ಅರಿಯದ ಜನರ ನಡುವೆ ಅವನನ್ನು ಒಂದಿಷ್ಟು ದಿನ ಬದುಕಿಸಿಕೊಂಡವರು ಎಂದೇ ನನಗೆ ತೋರಿತು, ಅದನ್ನು ಹಾಗೆಯೇ ಹೇಳಿದೆ. ಅವರು ಅತ್ತರು.

ಹಸಿವು, ಮರೆವು, ಸಾಯುವ ಯೋಚನೆಗಳ ಬಗ್ಗೆ ನೇರವಾಗಿ ವಿಚಾರಿಸಿದೆ. ಸಾಯುವ ಯೋಚನೆ ಇರಲಿಲ್ಲ. ಆದರೂ ರಾತ್ರಿಯ ಹೊತ್ತು ತೀರಾ ಕಷ್ಟವಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ, ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕೆಂದೆ.

ಗೆಳೆಯರಿಗಿಂತ ಮೊದಲು ಹೆಂಡತಿಗೆ ಹೇಳಿ ಎಂಬುದು ನನ್ನ ಮೊದಲ ಸಲಹೆಯಾಗಿತ್ತು. ಆ ಸಂದೇಶದ ಸುದ್ದಿ ಆಕೆಗೆ ತಿಳಿದಿರಲಿಲ್ಲ, ಮೇಲಾಗಿ ಮಗನ ಹೆಸರನ್ನು ಮನೆಯಲ್ಲಿ ಇಬ್ಬರೂ ಎತ್ತುತ್ತಿರಲಿಲ್ಲ. ನನ್ನ ಕಣ್ಣಿಗೆ ಸುಳ್ಳಿಗಿಂತ ಆ ಮೌನವೇ ದೊಡ್ಡ ಭಾರವಾಗಿ ಕಂಡಿತ್ತು. ಗುಂಪಿನಲ್ಲಿ ಎಲ್ಲರೆದುರು ತಪ್ಪೊಪ್ಪಿಗೆ ಬರೆಯುವುದು ಬೇಡ, ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದ ಗೆಳೆಯರೊಬ್ಬರಿಗೆ ಮಾತ್ರ ಫೋನ್ ಮಾಡಿ, ಉಳಿದವರಿಗೆ ಅವರೇ ತಿಳಿಸಲಿ ಎಂದೆ. ಫೋನಿನಲ್ಲಿ ಹೇಳಬೇಕಾದ ಮಾತನ್ನು ನನ್ನೆದುರಿಗೇ ಮೂರು ಬಾರಿ ಹೇಳಿಸಿದೆ: ‘ಮಗ ಹೋಗಿ ಆರು ವರ್ಷವಾಯಿತು, ಅಂದು ಬರೆಯಲು ಕೈ ಬರಲಿಲ್ಲ.’ ಮೂರನೆಯ ಬಾರಿ ಧ್ವನಿ ನಡುಗಲಿಲ್ಲ.

ತಿಂಗಳ ನಂತರ ದಂಪತಿ ಒಟ್ಟಿಗೇ ಬಂದರು. ನಂದಿಗೆ ಹೋಗಿದ್ದರಂತೆ, ಊಟಕ್ಕೆ ನಿಲ್ಲಲಾಗಲಿಲ್ಲವಂತೆ. ಆ ಗೆಳೆಯರು ಮಾತ್ರ ಮರುವಾರ ಮನೆಗೇ ಬಂದು ಹುಡುಗನ ಫೋಟೋ ಕೇಳಿ ನೋಡಿದರೆಂದು ಆಕೆ ಹೇಳಿದರು. ನಿದ್ದೆ ಈಗ ನಾಲ್ಕೈದು ಗಂಟೆ ಬರುತ್ತಿದೆ. ಆ ಸಾಲನ್ನು ಅಳಿಸಬೇಕೇ ಎಂದು ಅವರು ಕೇಳಿದಾಗ, ನಾನು ಉತ್ತರಿಸುವ ಮೊದಲೇ ಆಕೆ ‘ಇರಲಿ ಬಿಡಿ’ ಎಂದರು.