ಪ್ರಶ್ನೋತ್ತರ: ಆಟ್ರಿಬ್ಯೂಟ್ ಓದುವ ಕಂಪೈಲರ್, ತಡವಾಗುವ ಬಿಲ್ಡ್

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ. ರಸ್ಟ್ ಭಾಷೆಯ ಕಂಪೈಲರ್‌ಗೆ (ಬರೆದ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶಕ್ಕೆ) ಕೈಲಾದ ಕೆಲಸ ಮಾಡಬೇಕೆಂಬ ಆಸೆಯಿದೆ. ಆಟ್ರಿಬ್ಯೂಟ್‌ಗಳ ನಿರ್ವಹಣೆಯನ್ನು ಸುಧಾರಿಸುವ ಕೆಲಸ ಹೊಸಬರಿಗೂ ಸಾಧ್ಯ ಎಂದು ಕೇಳಿದ್ದೇನೆ. ಈ ಸುಧಾರಣೆ ಎಂದರೇನು? ಇದರಿಂದ ಕಂಪೈಲರ್ ವೇಗವಾಗುತ್ತದೆಯೇ?
— ವಿದ್ಯಾರ್ಥಿನಿ, ರಾಯಚೂರು

ಉತ್ತರ: ಫಂಕ್ಷನ್, ಸ್ಟ್ರಕ್ಟ್ ಅಥವಾ ಮಾಡ್ಯೂಲ್‌ನ ಮೇಲೆ ಹ್ಯಾಶ್ ಚಿಹ್ನೆ ಹಾಕಿ, ಚೌಕ ಆವರಣದೊಳಗೆ ಬರೆಯುವ ಸೂಚನೆಯೇ ಆಟ್ರಿಬ್ಯೂಟ್. ‘ಇನ್‌ಲೈನ್’, ‘ಮಸ್ಟ್ ಯೂಸ್’, ‘ಡಿರೈವ್’ ಮುಂತಾದವು ನಿಮಗೆ ಈಗಾಗಲೇ ಪರಿಚಿತ. ಇದು ರಸ್ಟ್‌ನಲ್ಲಿ ಹುಟ್ಟಿದ ವಿಚಾರವಲ್ಲ. ಜಿಸಿಸಿ ಕಂಪೈಲರ್ ಸಿ ಭಾಷೆಗೆ ತನ್ನದೇ ಆದ ಆಟ್ರಿಬ್ಯೂಟ್ ಬರವಣಿಗೆಯನ್ನು ಬಹಳ ಹಿಂದೆಯೇ ಸೇರಿಸಿತ್ತು, 2011ರ ಸಿ++ ಮಾನಕವು ಜೋಡಿ ಚೌಕ ಆವರಣದ ರೂಪವನ್ನು ಅಧಿಕೃತಗೊಳಿಸಿತು.

ರಸ್ಟ್ ಕಂಪೈಲರ್‌ನಲ್ಲಿ ಬಹುಕಾಲ ನಡೆದುಬಂದ ಕ್ರಮವನ್ನು ನೋಡಿ. ಆಟ್ರಿಬ್ಯೂಟ್ ಎಂಬುದು ಅರ್ಥ ಬಿಡಿಸದ ಟೋಕನ್‌ಗಳ, ಅಂದರೆ ಬಿಡಿ ಪದ ಮತ್ತು ಚಿಹ್ನೆಗಳ, ಗುಚ್ಛವಾಗಿಯೇ ಒಳಗೆ ಸಾಗುತ್ತಿತ್ತು. ಯಾವ ಹಂತಕ್ಕೆ ಅದರ ಅಗತ್ಯ ಬೀಳುತ್ತದೋ ಆ ಹಂತವು ಪಟ್ಟಿಯನ್ನು ಹೆಸರಿನಿಂದ ಹುಡುಕಿ, ಆವರಣದೊಳಗಿನ ವಿವರವನ್ನು ತಾನೇ ಬಿಡಿಸಿ, ತಪ್ಪಿದ್ದರೆ ತನಗೆ ತೋಚಿದ ಮಾತಿನಲ್ಲಿ ದೋಷ ಸಂದೇಶ ಕೊಡುತ್ತಿತ್ತು. ನಿಮ್ಮ ಊರಿನ ಗಂಜ್‌ಗೆ ಬಂದ ಹತ್ತಿಯ ಚೀಲಕ್ಕೆ ಕಟ್ಟಿದ ಚೀಟಿಯನ್ನು ಬಾಗಿಲಲ್ಲೇ ಓದಿ ವಹಿಯಲ್ಲಿ ಬರೆದುಕೊಳ್ಳುವ ಬದಲು, ತೂಕದವನೂ ದಲಾಲನೂ ಲೆಕ್ಕದವನೂ ಪ್ರತಿಯೊಬ್ಬರು ಮತ್ತೆ ಬಿಚ್ಚಿ ತಮ್ಮ ತಮ್ಮ ರೀತಿಯಲ್ಲಿ ಓದಿದರೆ ಆಗುವಂಥ ಪರಿಸ್ಥಿತಿ ಇದು. ಒಂದೇ ಆಟ್ರಿಬ್ಯೂಟನ್ನು ಎರಡು ಸಲ ಬರೆದಾಗ ಮೊದಲನೆಯದು ಊರ್ಜಿತವೋ ಎರಡನೆಯದೋ, ಎಚ್ಚರಿಕೆ ಕೊಡಬೇಕೋ ದೋಷವೆನ್ನಬೇಕೋ ಎಂಬುದು ಕೂಡ ಆಟ್ರಿಬ್ಯೂಟ್‌ನಿಂದ ಆಟ್ರಿಬ್ಯೂಟ್‌ಗೆ ಬದಲಾಗುತ್ತಿತ್ತು.

2025ರಲ್ಲಿ ವೇಗ ಪಡೆದ ಸುಧಾರಣೆಯ ತಿರುಳು ಇಷ್ಟೇ: ಮೂಲ ಪಠ್ಯದಿಂದ ಕಟ್ಟಿದ ವಾಕ್ಯರಚನೆಯ ಮರವನ್ನು ಕಂಪೈಲರ್ ತನ್ನ ಮುಂದಿನ ಒಳರೂಪಕ್ಕೆ ಇಳಿಸುವಾಗಲೇ ಆಟ್ರಿಬ್ಯೂಟನ್ನು ಒಮ್ಮೆ ಪೂರ್ತಿಯಾಗಿ ಓದಿ, ಪರಿಶೀಲಿಸಿ, ಅರ್ಥ ನಿಶ್ಚಿತವಾದ ಒಂದು ಈನಮ್‌ನ (ನಿಗದಿತ ಆಯ್ಕೆಗಳ ಪಟ್ಟಿಯಂಥ ಟೈಪ್‌ನ) ಬೆಲೆಯಾಗಿ ಇಟ್ಟುಕೊಳ್ಳುವುದು. ಮುಂದಿನ ಹಂತಗಳು ಟೋಕನ್‌ಗಳನ್ನು ಮುಟ್ಟುವುದೇ ಇಲ್ಲ, ಆ ಬೆಲೆಯನ್ನಷ್ಟೇ ನೋಡುತ್ತವೆ.

ಆದರೆ ಎಲ್ಲವನ್ನೂ ಆ ಒಂದೇ ಹಂತಕ್ಕೆ ತರಲು ಬರುವುದಿಲ್ಲ, ಮತ್ತು ಈ ವಿಷಯದ ಸ್ವಾರಸ್ಯವಿರುವುದು ಇಲ್ಲಿಯೇ. ‘ಸಿಎಫ್‌ಜಿ’ ಆಟ್ರಿಬ್ಯೂಟ್ ಒಂದು ಫಂಕ್ಷನ್ ಈ ಬಿಲ್ಡ್‌ನಲ್ಲಿ ಇರಬೇಕೇ ಬೇಡವೇ ಎಂಬುದನ್ನೇ ನಿರ್ಧರಿಸುತ್ತದೆ. ‘ಡಿರೈವ್’ ಹೊಸ ಕೋಡನ್ನೇ ಹುಟ್ಟಿಸುತ್ತದೆ. ಯಾವ ಹೆಸರು ಯಾವುದನ್ನು ಸೂಚಿಸುತ್ತದೆ ಎಂಬುದನ್ನು ಕಂಪೈಲರ್ ಗೊತ್ತುಮಾಡಿಕೊಳ್ಳುವ ಮೊದಲೇ ಇವುಗಳ ಇತ್ಯರ್ಥವಾಗಬೇಕು. ಹಾಗಾಗಿ ಮ್ಯಾಕ್ರೋಗಳ (ಕೋಡನ್ನು ಬರೆದುಕೊಡುವ ಕೋಡಿನ) ವಿಸ್ತರಣೆಯ ಕಾಲದಲ್ಲೇ ಓದಬೇಕಾದವು ಕೆಲವು, ಆಮೇಲೆ ಓದಬಹುದಾದವು ಉಳಿದವು. ಎರಡೂ ಕಡೆ ಒಂದೇ ಓದುವ ಯಂತ್ರವನ್ನು ಬಳಸುವಂತೆ ಮಾಡುವುದು ನಿಜಕ್ಕೂ ತಾಳ್ಮೆಯ ಕೆಲಸ.

ಇನ್ನು ವೇಗದ ಮಾತು. ಆಟ್ರಿಬ್ಯೂಟ್ ಓದುವುದಕ್ಕೆ ತಗಲುವ ಸಮಯ ಒಟ್ಟು ಬಿಲ್ಡ್‌ನಲ್ಲಿ ಅಲ್ಪ ಪಾಲು. ಟೈಪ್ ಪರಿಶೀಲನೆ, ಎಲ್‌ಎಲ್‌ವಿಎಂ ಎಂಬ ಸಾಧನದ ಮೂಲಕ ಯಂತ್ರಭಾಷೆ ತಯಾರಿಸುವುದು, ತಯಾರಾದ ತುಣುಕುಗಳನ್ನು ಒಂದಾಗಿ ಜೋಡಿಸುವ ಲಿಂಕಿಂಗ್ ಇವೇ ದೊಡ್ಡ ಪಾಲು ನುಂಗುತ್ತವೆ. ಆದುದರಿಂದ ದೊಡ್ಡ ವೇಗವನ್ನು ನಿರೀಕ್ಷಿಸಬೇಡಿ. ಹಾಗೆಂದು ಲಾಭವೇ ಇಲ್ಲವೆಂದಲ್ಲ. ಮೂರು ಓರೆಗೆರೆ ಹಾಕಿ ಬರೆಯುವ ದಾಖಲೆ ಟಿಪ್ಪಣಿಗಳು ಕೂಡ ಒಳಗೆ ‘ಡಾಕ್’ ಎಂಬ ಆಟ್ರಿಬ್ಯೂಟ್‌ಗಳೇ ಆಗಿರುವುದರಿಂದ, ಚೆನ್ನಾಗಿ ದಾಖಲಿಸಿದ ಲೈಬ್ರರಿಯಲ್ಲಿ ಇವುಗಳ ಸಂಖ್ಯೆ ಬಹಳ ದೊಡ್ಡದು. ಬೇಕಾದ ಆಟ್ರಿಬ್ಯೂಟ್‌ಗಾಗಿ ಇಡೀ ಪಟ್ಟಿಯನ್ನು ಪದೇ ಪದೇ ಜಾಲಾಡುವುದು, ಇನ್ನೊಂದು ಕ್ರೇಟ್‌ಗೆ (ರಸ್ಟ್‌ನಲ್ಲಿ ಒಟ್ಟಿಗೆ ಕಂಪೈಲ್ ಆಗುವ ಕೋಡಿನ ಘಟಕಕ್ಕೆ) ಬೇಡವಾದ ಆಟ್ರಿಬ್ಯೂಟನ್ನೂ ಮೆಟಾಡೇಟಾದಲ್ಲಿ ಬರೆಯುವುದು ಇಂಥವು ತಪ್ಪಿದರೆ ಅಳತೆಯಲ್ಲಿ ಕಾಣುವಷ್ಟು ವ್ಯತ್ಯಾಸ ಬರಬಹುದು.

ಅಳತೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಿಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ ಕಾದ ಕಾವಲಿಯಾದಾಗ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಬಿಸಿ ತಾಳಲಾರದೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ಹಳೆಯ ಕೋಡನ್ನೂ ಮಧ್ಯಾಹ್ನ ಹೊಸ ಕೋಡನ್ನೂ ಗಡಿಯಾರ ಹಿಡಿದು ಅಳೆದರೆ ಸಿಗುವ ಉತ್ತರ ಬಿಸಿಲಿನದು, ಕೋಡಿನದಲ್ಲ. ಲಿನಕ್ಸ್‌ನ ‘ಪರ್ಫ್ ಸ್ಟ್ಯಾಟ್’ ಬಳಸಿ, ಪ್ರೊಸೆಸರ್ ಎಷ್ಟು ನಿರ್ದೇಶನಗಳನ್ನು ಕಾರ್ಯಗತಗೊಳಿಸಿತು ಎಂಬುದನ್ನು ಎಣಿಸಿ. ರಸ್ಟ್ ತಂಡದವರು ಕಂಪೈಲರ್‌ಗೆ ಸೇರುವ ಬದಲಾವಣೆಗಳನ್ನು ಮುಖ್ಯವಾಗಿ ಹೋಲಿಸುವುದು ಇದೇ ಎಣಿಕೆಯಿಂದ, ಏಕೆಂದರೆ ಅದು ಸಮಯದಷ್ಟು ಓಲಾಡುವುದಿಲ್ಲ.

ಕೆಲಸ ಆರಂಭಿಸುವಾಗ ಎಲ್‌ಎಲ್‌ವಿಎಂ ಅನ್ನು ನೀವೇ ಕಟ್ಟಲು ಹೋಗಬೇಡಿ. ಸಿದ್ಧವಾಗಿ ಕಟ್ಟಿಟ್ಟದ್ದನ್ನು ಇಳಿಸಿಕೊಳ್ಳುವ ಆಯ್ಕೆ ಸಂರಚನಾ ಕಡತದಲ್ಲಿದೆ. ಇಲ್ಲದಿದ್ದರೆ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಹಳೆಯ ಕ್ರಮದಲ್ಲಿರುವ ಒಂದೇ ಒಂದು ಆಟ್ರಿಬ್ಯೂಟನ್ನು ಆರಿಸಿ ಹೊಸ ಕ್ರಮಕ್ಕೆ ತನ್ನಿ. ದೋಷ ಸಂದೇಶಗಳನ್ನು ಅಕ್ಷರಶಃ ಹೋಲಿಸಿ ನೋಡುವ ಪರೀಕ್ಷೆಗಳು ಅಲ್ಲಿ ಸಾವಿರಾರು ಇವೆ. ನಿಮ್ಮ ಬದಲಾವಣೆಯಿಂದ ಯಾವ ಸಂದೇಶ ಹೇಗೆ ಬದಲಾಯಿತು, ಅದು ಬಳಕೆದಾರನಿಗೆ ಒಳಿತೇ ಎಂದು ಒಂದೊಂದನ್ನೂ ಓದಿ. ಕಂಪೈಲರ್‌ನ ಒಳಗನ್ನು ಅರಿಯಲು ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ತೋರುವುದಿಲ್ಲ.

ಪ್ರಶ್ನೆ: ಗಂಗಾವತಿಯ ಅಕ್ಕಿ ಗಿರಣಿಗಳಿಗಾಗಿ ಭತ್ತದ ಆವಕ, ತೂಕ, ತೇವಾಂಶಗಳನ್ನು ದಾಖಲಿಸುವ ತಂತ್ರಾಂಶವನ್ನು ರಸ್ಟ್‌ನಲ್ಲಿ ಬರೆಯುತ್ತಿದ್ದೇನೆ. ಒಂದು ಸಾಲು ತಿದ್ದಿದರೂ ಬಿಲ್ಡ್ ಮುಗಿಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ‘ಡಿರೈವ್’ಗಳನ್ನೆಲ್ಲ ಕಿತ್ತುಹಾಕು ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಇದು ಸರಿಯೇ?
— ತಂತ್ರಾಂಶ ತಯಾರಕ, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಕೀಳುವ ಮೊದಲು ಅಳೆಯಿರಿ. ‘ಕಾರ್ಗೋ ಬಿಲ್ಡ್’ ಆಜ್ಞೆಗೆ ‘ಟೈಮಿಂಗ್ಸ್’ ಆಯ್ಕೆಯನ್ನು ಸೇರಿಸಿದರೆ ಯಾವ ಕ್ರೇಟ್ ಎಷ್ಟು ಹೊತ್ತು ತೆಗೆದುಕೊಂಡಿತು, ಯಾವುದು ಯಾವುದಕ್ಕಾಗಿ ಕಾಯುತ್ತ ನಿಂತಿತ್ತು ಎಂಬುದು ಪಟ್ಟಿಗಳ ಚಿತ್ರವಾಗಿ ಸಿಗುತ್ತದೆ, 2022ರ 1.60 ಆವೃತ್ತಿಯಿಂದ ಇದು ಸ್ಥಿರ ಸೌಲಭ್ಯ.

ಡಿರೈವ್‌ಗಳಲ್ಲಿ ಎರಡು ಬಗೆ ಎಂಬುದನ್ನು ನಿಮ್ಮ ಸ್ನೇಹಿತರು ಗಮನಿಸಿದಂತಿಲ್ಲ. ‘ಆವಕ’ ಎಂಬ ಸ್ಟ್ರಕ್ಟ್‌ನಲ್ಲಿ ಲಾರಿ ಸಂಖ್ಯೆ, ಚೀಲಗಳ ಎಣಿಕೆ, ತೂಕ, ತೇವಾಂಶ ಎಂಬ ನಾಲ್ಕು ಅಂಶಗಳಿವೆ ಎನ್ನಿ. ಅದರ ಮೇಲೆ ‘ಕ್ಲೋನ್’ ಬರೆದರೆ ಕಂಪೈಲರ್‌ನೊಳಗೇ ಇರುವ ಮ್ಯಾಕ್ರೋ ನಾಲ್ಕನ್ನೂ ಒಂದೊಂದಾಗಿ ನಕಲಿಸುವ ಒಂದು ಪುಟ್ಟ ಫಂಕ್ಷನ್ ಬರೆಯುತ್ತದೆ. ಇದರ ಖರ್ಚು ತೀರ ಕಡಿಮೆ. ಅದೇ ಸ್ಟ್ರಕ್ಟ್‌ಗೆ, ದತ್ತಾಂಶವನ್ನು ಜೇಸನ್‌ನಂಥ ಪಠ್ಯರೂಪಕ್ಕೂ ಅಲ್ಲಿಂದ ಹಿಂದಕ್ಕೂ ತರುವ ಸೆರ್ಡೆ ಲೈಬ್ರರಿಯ ‘ಡಿಸೀರಿಯಲೈಸ್’ ಬರೆದಾಗ ಹೊರಗಿನ ಮ್ಯಾಕ್ರೋ ಓಡಿ, ಪ್ರತಿ ಅಂಶದ ಹೆಸರನ್ನು ಗುರುತಿಸುವ, ಇಲ್ಲದ್ದನ್ನು ಪತ್ತೆಹಚ್ಚುವ, ಎರಡು ಸಲ ಬಂದದ್ದನ್ನು ತಿರಸ್ಕರಿಸುವ ಕೋಡನ್ನೆಲ್ಲ ಬರೆದುಕೊಡುತ್ತದೆ. ನಿಮ್ಮ ಕಣ್ಣಿಗೆ ಒಂದೇ ಸಾಲು. ಕಂಪೈಲರ್‌ಗೆ ಅದು ಸಾಲುಗಟ್ಟಲೆ ಕೋಡು. ‘ಕಾರ್ಗೋ ಎಕ್ಸ್‌ಪ್ಯಾಂಡ್’ ಎಂಬ ಸಾಧನವನ್ನು ಹಾಕಿಕೊಂಡು ಒಮ್ಮೆ ಅದನ್ನು ಕಣ್ಣಾರೆ ನೋಡಿ.

ಈ ಎರಡನೆಯ ಬಗೆಗೆ ಮೂರು ಕಡೆ ಬೆಲೆ ತೆರಬೇಕು: ಮ್ಯಾಕ್ರೋದ ಕ್ರೇಟನ್ನೂ ಅದು ಆಧರಿಸಿದ, ರಸ್ಟ್ ಕೋಡನ್ನು ಓದಿ ಬಿಡಿಸುವ ‘ಸಿನ್’ನಂಥ ಕ್ರೇಟ್‌ಗಳನ್ನೂ ಮೊದಲು ಕಟ್ಟಬೇಕು, ಆಮೇಲೆ ಪ್ರತಿ ಸ್ಟ್ರಕ್ಟ್‌ಗೂ ಮ್ಯಾಕ್ರೋ ಓಡಬೇಕು, ಕೊನೆಗೆ ಹುಟ್ಟಿದ ಕೋಡೆಲ್ಲ ಟೈಪ್ ಪರಿಶೀಲನೆಗೂ ಯಂತ್ರಭಾಷೆಗೂ ಹೋಗಬೇಕು. ಮೊದಲನೆಯದು ಒಂದೇ ಸಲದ ಖರ್ಚು. ನಿಮ್ಮನ್ನು ದಿನವೂ ಕಾಡುವುದು ಉಳಿದೆರಡು, ಏಕೆಂದರೆ ಇನ್‌ಕ್ರಿಮೆಂಟಲ್ ಕಂಪೈಲೇಶನ್ (ಬದಲಾದ ಭಾಗವನ್ನಷ್ಟೇ ಮತ್ತೆ ಕಂಪೈಲ್ ಮಾಡುವುದು) 2018ರ 1.24 ಆವೃತ್ತಿಯಿಂದ ತಾನಾಗಿಯೇ ಚಾಲನೆಯಲ್ಲಿದ್ದರೂ, ಒಂದು ಕ್ರೇಟಿನ ಒಂದು ಸಾಲು ಬದಲಾದರೆ ಆ ಕ್ರೇಟಿನ ಮ್ಯಾಕ್ರೋಗಳೆಲ್ಲ ಮತ್ತೆ ವಿಸ್ತರಣೆಗೊಳ್ಳುತ್ತವೆ.

ಇದಕ್ಕೆ ಮದ್ದು ಕೀಳುವುದಲ್ಲ, ಬೇರ್ಪಡಿಸುವುದು. ಅಪರೂಪಕ್ಕೆ ತಿದ್ದುವ ದತ್ತಾಂಶದ ಸ್ಟ್ರಕ್ಟ್‌ಗಳನ್ನು ಒಂದು ಕ್ರೇಟಿನಲ್ಲಿಟ್ಟು, ದಿನವೂ ತಿದ್ದುವ ಪರದೆಯ ಮತ್ತು ಲೆಕ್ಕಾಚಾರದ ಕೋಡನ್ನು ಇನ್ನೊಂದರಲ್ಲಿ ಇರಿಸಿ. ಜೇಸನ್ ರೂಪಕ್ಕೆ ಎಂದೂ ಹೋಗದ ಸ್ಟ್ರಕ್ಟ್‌ಗಳ ಮೇಲೆ ಅಭ್ಯಾಸಬಲದಿಂದ ಬರೆದ ಸೆರ್ಡೆ ಡಿರೈವ್‌ಗಳಿದ್ದರೆ ಅವುಗಳನ್ನು ಧಾರಾಳವಾಗಿ ತೆಗೆಯಿರಿ. ಆದರೆ ಸ್ಟ್ರಕ್ಟ್‌ನ ಒಳಗಿರುವುದನ್ನು ಮುದ್ರಿಸಿ ತೋರಿಸುವ ‘ಡೀಬಗ್’ ಡಿರೈವ್ ಇರಲಿ. ಗಿರಣಿಯಲ್ಲಿ ಸುಗ್ಗಿಯ ನಡುವೆ ತೂಕ ತಪ್ಪಿ ಬಂದಾಗ ನಿಮ್ಮ ಕೈ ಹಿಡಿಯುವುದು ಅದೇ.

‘ಇನ್‌ಲೈನ್’ ಆಟ್ರಿಬ್ಯೂಟನ್ನು ಎಲ್ಲೆಡೆ ಚೆಲ್ಲಿದ್ದರೆ ಅದನ್ನೂ ಪರಿಶೀಲಿಸಿ. ಆ ಗುರುತಿರುವ ಫಂಕ್ಷನ್‌ನ ಯಂತ್ರಭಾಷೆ ತನ್ನ ಕ್ರೇಟಿನಲ್ಲಿ ಒಮ್ಮೆ ತಯಾರಾಗಿ ನಿಲ್ಲದೆ, ಅದನ್ನು ಬಳಸುವ ಪ್ರತಿ ಕ್ರೇಟಿನಲ್ಲೂ ಮತ್ತೆ ತಯಾರಾಗುತ್ತದೆ. ಆಪ್ಟಿಮೈಸ್ ಮಾಡಿದ ಬಿಲ್ಡ್‌ನಲ್ಲಿ ತೀರ ಚಿಕ್ಕ ಫಂಕ್ಷನ್‌ಗಳ ಮಟ್ಟಿಗೆ ಈ ನಿರ್ಧಾರವನ್ನು ಕಂಪೈಲರ್ ಈಗ ತಾನೇ ಮಾಡಿಕೊಳ್ಳುತ್ತದೆ.

ತಿದ್ದುವಾಗ ತಪ್ಪು ಹುಡುಕುವುದಷ್ಟೇ ಉದ್ದೇಶವಾದರೆ ಯಂತ್ರಭಾಷೆ ತಯಾರಿಸದ ‘ಕಾರ್ಗೋ ಚೆಕ್’ ಸಾಕು. ‘ಟೈಮಿಂಗ್ಸ್’ ಚಿತ್ರದಲ್ಲಿ ಕೊನೆಯ ಪಟ್ಟಿಯೇ ಉದ್ದವಾಗಿದ್ದರೆ ಲಿಂಕರ್ ಮೇಲೆ ಸಂಶಯಪಡಿ: 64 ಬಿಟ್ ಇಂಟೆಲ್ ಮಾದರಿಯ ಲಿನಕ್ಸ್‌ನಲ್ಲಿ 1.90 ಆವೃತ್ತಿಯಿಂದ ವೇಗದ ಎಲ್‌ಎಲ್‌ಡಿ ಲಿಂಕರ್ ತಾನಾಗಿಯೇ ಬಳಕೆಯಾಗುವುದರಿಂದ ಕಂಪೈಲರನ್ನು ಹೊಸದಾಗಿಸಿಕೊಳ್ಳಿ, ಡೀಬಗ್ ಮಾಹಿತಿಯನ್ನು ಸಾಲು ಸಂಖ್ಯೆಗಳಿಗಷ್ಟೇ ಸೀಮಿತಗೊಳಿಸಿ.

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿರುವುದು 4 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರ್‌ಗಳು. ಸಿ++ ಪ್ರಾಜೆಕ್ಟ್‌ಗಳು ತೀರ ನಿಧಾನವಾಗಿ ಕಂಪೈಲ್ ಆಗುತ್ತವೆ. ಆಟ್ರಿಬ್ಯೂಟ್‌ಗಳನ್ನು ಕಲಿಸಿದರೆ ಇನ್ನಷ್ಟು ನಿಧಾನವಾಗುವುದೇ?
— ಉಪನ್ಯಾಸಕಿ, ಬಳ್ಳಾರಿ

ಉತ್ತರ: ಆಗುವುದಿಲ್ಲ, ನಿಶ್ಚಿಂತೆಯಿಂದ ಕಲಿಸಿ. 2017ರ ಮಾನಕದ ‘ನೋಡಿಸ್ಕಾರ್ಡ್’, ‘ಮೇಬಿ ಅನ್‌ಯೂಸ್ಡ್’, ‘ಫಾಲ್‌ಥ್ರೂ’ ಇವು ಕಂಪೈಲರ್‌ಗೆ ಮಾಹಿತಿ ಕೊಡುವಂಥವು, ಕೋಡು ಹುಟ್ಟಿಸುವಂಥವಲ್ಲ. ಆದರೆ ಆಟ್ರಿಬ್ಯೂಟ್‌ನ ಹೆಸರನ್ನು ತಪ್ಪಾಗಿ ಬರೆದರೆ ಜಿಸಿಸಿ ಒಂದು ಎಚ್ಚರಿಕೆ ಕೊಟ್ಟು ಅದನ್ನು ಕಡೆಗಣಿಸಿ ಮುಂದೆ ಹೋಗುತ್ತದೆ, ವಿದ್ಯಾರ್ಥಿಗಳು ಆ ಎಚ್ಚರಿಕೆಯನ್ನು ಓದುವುದು ಕಡಿಮೆ. ಆಟ್ರಿಬ್ಯೂಟ್ ಎಚ್ಚರಿಕೆಗಳನ್ನು ದೋಷಗಳೆಂದೇ ಪರಿಗಣಿಸುವ ಆಯ್ಕೆಯನ್ನು ಮೇಕ್‌ಫೈಲ್‌ನಲ್ಲಿ ಹಾಕಿಕೊಡಿ.

ನಿಧಾನಕ್ಕೆ ಕಾರಣ ಬಹುಮಟ್ಟಿಗೆ ಹೆಡರ್ ಕಡತಗಳು, ಇಲ್ಲವೇ ಮೆಮೊರಿ. ‘ಮೇಕ್’ ಆಜ್ಞೆಗೆ ಏಕಕಾಲಕ್ಕೆ ಎಂಟು ಕೆಲಸಗಳನ್ನು ವಹಿಸಿದರೆ 4 ಜಿಬಿ ಸಾಲದೆ ಡಿಸ್ಕ್‌ಗೆ ಅದಲುಬದಲು ಶುರುವಾಗಿ, ಒಂದೊಂದಾಗಿ ಮಾಡಿದ್ದಕ್ಕಿಂತಲೂ ತಡವಾಗುತ್ತದೆ. ಎರಡಕ್ಕೆ ಇಳಿಸಿ ನೋಡಿ. ‘ಸಿಕ್ಯಾಶ್’ ಹಾಕಿಸಿದರೆ ಬದಲಾಗದ ಕಡತಗಳ ಹಿಂದಿನ ಫಲಿತಾಂಶವೇ ಮರುಬಳಕೆಯಾಗುತ್ತದೆ. ಕ್ಲ್ಯಾಂಗ್ ಇದ್ದರೆ ಅದರ ‘ಟೈಮ್ ಟ್ರೇಸ್’ ಆಯ್ಕೆ ಯಾವ ಹೆಡರ್ ಎಷ್ಟು ಸಮಯ ತಿಂದಿತೆಂದು ತೋರಿಸುತ್ತದೆ, ಅಲ್ಲಿ ಮೇಲೆ ಬಂದ ಹೆಡರ್‌ಗಳನ್ನು ಪ್ರಿಕಂಪೈಲ್ ಮಾಡಿಡಿ.